ಕೋಳಿ ಮೇವು, ಕೂಲೆಂಟ್ ಮತ್ತು ಕೋಬಾಲ್ಟ್

ಚೆನ್ನೈಯ ವೇಳಚೇರಿಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ಹಳೇ ಬ್ಯಾಟರಿಯಿಂದ ಕೋಬಾಲ್ಟ್ ತೆಗೆಯಲು ಇನ್ನು ಆಸಿಡ್ ಬೇಡವಂತೆ, ಹಸಿರು ದ್ರಾವಕ ಸಾಕಂತೆ. ಹೌದೇ?’ ಹೌದು. ಆದರೆ ಆ ಹಸಿರು ಬಣ್ಣವನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡುವುದು ಒಳ್ಳೆಯದು.

ಮೌಂಟ್ ರೋಡಿಗೆ ಹತ್ತಿರದ ರಿಚಿ ಸ್ಟ್ರೀಟಿನಂಥ ಕಡೆ ರಿಪೇರಿಗೆ ಬರುವ ಫೋನುಗಳಿಂದ ಕಳಚಿದ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಒಳಗೆ ಅಲ್ಯುಮಿನಿಯಂ ಹಾಳೆಗೆ ಬಳಿದಿರುವ ಕಪ್ಪು ಲೇಪ ಬಹುಪಾಲು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಈ ಸಂಯುಕ್ತದ ತೂಕದಲ್ಲಿ ಶೇ 60ರಷ್ಟು ಕೋಬಾಲ್ಟ್! ಇಷ್ಟು ಸಿರಿವಂತ ಅದಿರು ಯಾವ ಗಣಿಯಲ್ಲೂ ಸಿಗದು. ಲಿಥಿಯಂ ವಿಷಯಕ್ಕೆ ಬಂದರೆ, ಅಷ್ಟೊಂದು ಸುದ್ದಿ ಮಾಡಿದ ನಮ್ಮ ಮಂಡ್ಯದ ಮಾರ್ಲಗಲ್ಲದಲ್ಲಿ ಇದೆಯೆಂದು ಅಂದಾಜಿಸಿರುವುದು ಬರೀ 1,600 ಟನ್. ಇದನ್ನೆಲ್ಲ ಮರಳಿ ಪಡೆಯಲು ಈಗಿರುವ ದಾರಿ ಎರಡು: ಕುಲುಮೆಯಲ್ಲಿ ಕರಗಿಸುವುದು, ಇಲ್ಲವೇ ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸುವುದು.

ಮೂರನೆಯ ದಾರಿಯ ಕತೆ 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಶುರುವಾಯಿತು. ಆಂಡ್ರ್ಯೂ ಅಬಟ್ ಮತ್ತು ಸಂಗಡಿಗರು ಕೋಲೀನ್ ಕ್ಲೋರೈಡ್ ಒಂದು ಪಾಲು, ಯೂರಿಯಾ ಎರಡು ಪಾಲು ಬೆರೆಸಿದರು. ಮೊದಲನೆಯದು ನಾಮಕ್ಕಲ್ಲಿನ ಕೋಳಿಫಾರಂಗಳಿಗೂ ಗೊತ್ತಿರುವ ಮೇವಿನ ಪೂರಕ, ಕರಗಲು 302 ಡಿಗ್ರಿ ಸೆಲ್ಸಿಯಸ್ ಬೇಕು. ಯೂರಿಯಾ ಕರಗುವುದು 133ಕ್ಕೆ. ಎರಡೂ ಬೆರೆತರೆ? ಬರೇ 12 ಡಿಗ್ರಿಗೆ ದ್ರವ! ಚೆನ್ನೈಯ ಯಾವ ಮಾರ್ಗಶಿರದಲ್ಲೂ ಅದು ಹೆಪ್ಪುಗಟ್ಟುವ ಮಾತಿಲ್ಲ.

ಇದರಲ್ಲಿ ಮಾಯವೇನಿಲ್ಲ. ಕುಲ್ಫಿ ಮಾರುವವನು ಡಬ್ಬದ ಸುತ್ತ ಐಸ್ ತುಂಬಿ ಮೇಲೆ ಕಲ್ಲುಪ್ಪು ಎರಚುವುದನ್ನು ನೋಡಿದ್ದೀರಲ್ಲ? ಐಸ್ ಕರಗುವುದು ಸೊನ್ನೆಗೆ, ಉಪ್ಪು ಕರಗುವುದು 801 ಡಿಗ್ರಿಗೆ. ಹದವಾಗಿ ಕೂಡಿದಾಗ ಮಾತ್ರ ಮೈನಸ್ 21ರಲ್ಲೂ ನೀರಾಗಿಯೇ ಇರುತ್ತವೆ. ಒಬ್ಬರು ಇನ್ನೊಬ್ಬರನ್ನು ಸಾಲಾಗಿ ಕೂರಲು ಬಿಡುವುದಿಲ್ಲ, ಅಷ್ಟೇ. ಅಬಟ್ ಮಿಶ್ರಣದಲ್ಲಿ ಯೂರಿಯಾದ ಹೈಡ್ರೋಜನ್‌ಗಳು ಕ್ಲೋರೈಡನ್ನು ಹಿಡಿದೆಳೆದು ಹರಳು ಕಟ್ಟದಂತೆ ತಡೆಯುತ್ತವೆ. ಇಂಥವಕ್ಕೆ ಡೀಪ್ ಯುಟೆಕ್ಟಿಕ್ ದ್ರಾವಕ ಎಂದು ಹೆಸರು. ಲೋಹದ ಆಕ್ಸೈಡುಗಳನ್ನು ಇವು ಚೆನ್ನಾಗಿಯೇ ಕರಗಿಸಬಲ್ಲವು.

2019ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ, ಕೇರಳ ಮೂಲದ ಪುಳಿಕ್ಕಲ್ ಅಜಯನ್ ಅವರ ತಂಡ ಯೂರಿಯಾ ಬಿಟ್ಟು ಎಥಿಲೀನ್ ಗ್ಲೈಕಾಲ್, ಅಂದರೆ ಕಾರಿನ ಕೂಲೆಂಟಿನ ದ್ರವ ಹಾಕಿತು. ಕಪ್ಪು ಪುಡಿಯಿಂದ ಕೋಬಾಲ್ಟ್ ಬಿಟ್ಟುಕೊಂಡಂತೆ ದ್ರಾವಣಕ್ಕೆ ನೀಲಿ-ಹಸಿರು ಬಣ್ಣ ಏರಿತು. ಶೇ 90ಕ್ಕೂ ಹೆಚ್ಚು ಕೋಬಾಲ್ಟ್ ಕೈಗೆ ಬಂತು. ‘ಕೋಳಿ ಮೇವಿನಿಂದ ಕೋಬಾಲ್ಟ್’ ಅಂದರೆ ಯಾರಿಗೆ ಇಷ್ಟವಾಗದು? ಆದರೆ ಅದಕ್ಕೆ 180 ಡಿಗ್ರಿಯ ಶಾಖ ಬೇಕಿತ್ತು.

ಎಡವಟ್ಟಾದದ್ದು ಅಲ್ಲೇ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಕೂನ್ ಬಿನ್ನೆಮನ್ಸ್ ಬಳಗ 2022ರಲ್ಲಿ, ಅಷ್ಟು ಬಿಸಿಯಲ್ಲಿ ಈ ದ್ರಾವಕವೇ ಕೊಳೆಯುತ್ತದೆಂದು ತೋರಿಸಿತು. ಹುಟ್ಟುವ ಒಂದು ವಸ್ತು ಟ್ರೈಮಿಥೈಲ್ ಅಮೀನ್. ಕಾಸಿಮೇಡು ಬಂದರಿನಲ್ಲಿ ಮಧ್ಯಾಹ್ನಕ್ಕೆ ಮೂಗಿಗೆ ಬಡಿಯುವ ಹಳಸಿದ ಮೀನಿನ ವಾಸನೆ ಅದರದ್ದೇ. ಇನ್ನೊಂದು ಕ್ಲೋರೋಎಥನಾಲ್, ಅಪ್ಪಟ ವಿಷ. ಸಾಮಗ್ರಿ ಸಾಧುವಾದ ಮಾತ್ರಕ್ಕೆ ಅಡುಗೆಯೂ ಸಾಧು ಎಂದು ಹೊಗಳುವವರಿಗೆ ಇಷ್ಟು ಸಾಕು.

ನನಗೆ ಹಿಡಿಸಿದ್ದು ಇದೇ ಬಳಗದ 2020ರ ಪ್ರಯೋಗ. ಗ್ಲೈಕಾಲ್ ಬದಲು ನಿಂಬೆಯ ಸಿಟ್ರಿಕ್ ಆಮ್ಲ, ಜೊತೆಗೆ ಒಂದಿಷ್ಟು ನೀರು, 40 ಡಿಗ್ರಿ ಬಿಸಿ. ಅಂದರೆ ಚೆನ್ನೈಯ ಕತ್ತರಿ ಬಿಸಿಲು. ಬ್ಯಾಟರಿಯ ಕೋಬಾಲ್ಟ್‌ಗೆ ಒಂದೊಂದು ಎಲೆಕ್ಟ್ರಾನ್ ಕೊಟ್ಟರೆ ಅದು ಸಲೀಸಾಗಿ ಕರಗುತ್ತದೆ. ಪೆರಾಕ್ಸೈಡ್ ಸುರಿಯುವುದು ಅದಕ್ಕೇ. ಇಲ್ಲಿ ಆ ಎಲೆಕ್ಟ್ರಾನುಗಳನ್ನು ಕೊಟ್ಟದ್ದು ಅದೇ ಬ್ಯಾಟರಿಯ ತಾಮ್ರ ಮತ್ತು ಅಲ್ಯುಮಿನಿಯಂ ಹಾಳೆ. ಹೊರಗಿನಿಂದ ಏನನ್ನೂ ತರಬೇಕಿಲ್ಲ!

ಇಷ್ಟಾದರೂ ಕಾರ್ಖಾನೆಗಳು ಗಂಧಕಾಮ್ಲವನ್ನು ಬಿಟ್ಟಿಲ್ಲ. ಅದು ಅಗ್ಗ, ನೀರಿನಂತೆ ಹರಿಯುತ್ತದೆ. ಯುಟೆಕ್ಟಿಕ್ ದ್ರಾವಕ ಬಹುತೇಕ ಅಂಟಂಟು, ಮತ್ತೆ ಮತ್ತೆ ಬಳಸಿದರಷ್ಟೇ ಅದರ ಖರ್ಚು ಹುಟ್ಟುತ್ತದೆ. ಮೇಲಾಗಿ ಈಗ ಎಷ್ಟೋ ಎಲೆಕ್ಟ್ರಿಕ್ ಆಟೊ, ಬಸ್ಸುಗಳಿಗೆ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ದುಡ್ಡು ಹುಟ್ಟಿಸಲು ಉಳಿಯುವುದು ಮುಖ್ಯವಾಗಿ ಲಿಥಿಯಂ ಮತ್ತು ತಾಮ್ರ.