ಕಾಲ್ಚೆಂಡಿನ ಪೇಟೆಯಲ್ಲಿ ವಯಸ್ಸಿನ ಬೆಲೆ

1905ರಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋ ಕ್ಲಬ್ಬಿನವರು ಆಲ್ಫ್ ಕಾಮನ್ ಎಂಬ ಕಾಲ್ಚೆಂಡಾಟಗಾರನನ್ನು ಸಂಡರ್‌ಲೆಂಡ್ ಕ್ಲಬ್ಬಿನಿಂದ 1,000 ಪೌಂಡು ತೆತ್ತು ಪಡೆದಾಗ ಆ ನಾಡಿನಲ್ಲಿ ದೊಡ್ಡ ಗದ್ದಲವೇ ಆಯಿತು. ಒಬ್ಬ ಆಟಗಾರನಿಗೆ ಅಷ್ಟು ಹಣವನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಆಗ ಆತನಿಗೆ 24 ವರ್ಷ. 1910ರಲ್ಲಿ, 30 ತುಂಬಿದ ಅದೇ ಕಾಮನ್ ಆರ್ಸೆನಲ್ ಕ್ಲಬ್ಬನ್ನು ಸೇರಿದಾಗ ಆ ಮೊತ್ತದ ಒಂದು ಸಣ್ಣ ಭಾಗ ಮಾತ್ರ ಕೈ ಬದಲಾಯಿತು. ಈ ಪೇಟೆಯ ರೀತಿ ಅಂದಿಗೂ ಇಂದಿಗೂ ಹೆಚ್ಚು ಬದಲಾಗಿಲ್ಲ. ಬದಲಾದುದು ಸೊನ್ನೆಗಳ ಸಂಖ್ಯೆ.

ಕರಾರಿಗೆ ಒಳಪಟ್ಟ ಆಟಗಾರನನ್ನು ಬಿಡಿಸಿಕೊಳ್ಳಲು ಒಂದು ಕ್ಲಬ್ಬು ಮತ್ತೊಂದಕ್ಕೆ ತೆರುವ ಹಣವೇ ವರ್ಗಾವಣೆ ಶುಲ್ಕ. ಆಟಗಾರನ ಸಂಬಳದ ಮಾತು ಬೇರೆ. ಒಳ್ಳೆಯ ಆಟಕ್ಕೆ ಒಳ್ಳೆಯ ಬೆಲೆ ಬರುವುದು ಸಹಜವಲ್ಲವೆ ಎಂದು ವಾಚಕರು ಕೇಳಬಹುದು. ಆದರೆ ಕೊಳ್ಳುವವರು ಆಟವನ್ನಷ್ಟೇ ನೋಡುವುದಿಲ್ಲ. ನಮ್ಮ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ರೈತನಂತೆ, ಇವನು ಇನ್ನೆಷ್ಟು ವರ್ಷ ದುಡಿದಾನು, ನಾಳೆ ಮಾರಿದರೆ ಎಷ್ಟು ಬಂದೀತು ಎಂದು ಎಣಿಸುತ್ತಾರೆ. ಹೋಲಿಕೆ ಒರಟೆನಿಸಿದರೆ ಕ್ಷಮೆಯಿರಲಿ. ವ್ಯಾಪಾರವೂ ಅಷ್ಟೇ ಒರಟು.

ಪೋರ್ಚುಗಲ್ಲಿನ ಕ್ರಿಸ್ಟಿಯಾನೊ ರೊನಾಲ್ಡೊ ಇದಕ್ಕೆ ತಕ್ಕ ನಿದರ್ಶನ. 2003ರಲ್ಲಿ, 18ರ ಬಾಲಕನಾಗಿದ್ದ ಆತನನ್ನು ಮ್ಯಾಂಚೆಸ್ಟರ್ ಯುನೈಟೆಡ್ ಸುಮಾರು 1 ಕೋಟಿ 22 ಲಕ್ಷ ಪೌಂಡಿಗೆ ಕೊಂಡಿತು. ಆರು ವರ್ಷ ಆಡಿಸಿ, 24ನೆಯ ವಯಸ್ಸಿನಲ್ಲಿ 8 ಕೋಟಿ ಪೌಂಡಿಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಬಿಟ್ಟುಕೊಟ್ಟಿತು. ಆರು ವರ್ಷದ ಗೋಲುಗಳೂ ದಕ್ಕಿದುವು, ಆರು ಪಾಲಿಗೆ ಮಿಕ್ಕ ಹಣವೂ ಬಂದಿತು! 2018ರಲ್ಲಿ ಇಟಲಿಯ ಯುವೆಂಟಸ್ ಆತನಿಗಾಗಿ 10 ಕೋಟಿ ಯೂರೋ ಕೊಟ್ಟಾಗ ವಯಸ್ಸು 33. ನಾಲ್ಕು ವರ್ಷದ ಕರಾರು. ಕ್ಲಬ್ಬುಗಳು ಇಂಥ ವೆಚ್ಚವನ್ನು ಕರಾರಿನ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುವುದು ವಾಡಿಕೆ. ಅಂದರೆ ವರ್ಷಕ್ಕೆ ಎರಡೂವರೆ ಕೋಟಿ. ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಉಳಿದದ್ದು ಎರಡೂವರೆ ಕೋಟಿ. ಮ್ಯಾಂಚೆಸ್ಟರಿನವರು 2021ರಲ್ಲಿ ಆತನನ್ನು ಮರಳಿ ಕರೆದುಕೊಂಡಾಗ ಮೊದಲಿಗೆ ಒಪ್ಪಿದ ಬೆಲೆ ಒಂದೂವರೆ ಕೋಟಿ.

ಹಾಗಾದರೆ ಆಟ ಕುಂದಿತ್ತೆ? ಮಾರಾಟಕ್ಕೆ ಹಿಂದಿನ ಋತುವಿನಲ್ಲಿಯೇ, 29 ಗೋಲುಗಳೊಡನೆ, ಆತ ಇಟಲಿಯ ಲೀಗಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಕುಂದಿದುದು ಆಟವಲ್ಲ, ಮುಂದಿನ ವರ್ಷಗಳು. 36ರವನನ್ನು ಕೊಂಡವನು ಮತ್ತೆ ಯಾರಿಗೆ ಮಾರಿಯಾನು?

ಇದಕ್ಕೆ ತೀರ ವಿರುದ್ಧವಾದ ಕಥೆ ಅರ್ಜೆಂಟೀನದ ಎನ್ಜೊ ಫರ್ನಾಂಡೆಸ್‌ನದು. 2022ರಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ಆತನಿಗೆ ಆರಂಭದಲ್ಲಿ ತೆತ್ತುದು ಸುಮಾರು 1 ಕೋಟಿ ಯೂರೋ. ಆ ವರ್ಷದ ಕೊನೆಗೆ ಅರ್ಜೆಂಟೀನ ವಿಶ್ವಕಪ್ ಗೆದ್ದಿತು. ಕೂಟದ ಶ್ರೇಷ್ಠ ಯುವ ಆಟಗಾರನೆಂಬ ಗೌರವ ಎನ್ಜೊಗೆ ಸಂದಿತು. 2023ರ ಜನವರಿ ಮುಗಿಯುವ ಹೊತ್ತಿಗೆ ಲಂಡನ್ನಿನ ಚೆಲ್ಸಿ ಕ್ಲಬ್ಬು 12 ಕೋಟಿ ಯೂರೋಗಳಿಗೂ ಮಿಕ್ಕ ಬೆಲೆ ಕೊಟ್ಟು ಕರೆದೊಯ್ದಿತು. ವಯಸ್ಸು 22. ಚಿಗುರು ಕಾಲುಗಳನ್ನು ಹುಡುಕಿ ತಂದು, ಬೆಳೆಸಿ, ದೊಡ್ಡ ಊರಿನವರಿಗೆ ಮಾರುವುದೇ ಬೆನ್ಫಿಕಾದಂಥ ಕ್ಲಬ್ಬುಗಳ ಜೀವನಾಧಾರ.

ಆದರೆ ವಯಸ್ಸೊಂದೇ ಸಾಲದು, ಕರಾರೂ ಉಳಿದಿರಬೇಕು. ಬೆಲ್ಜಿಯಮ್ಮಿನ ಸಾಧಾರಣ ಆಟಗಾರ ಜಾನ್-ಮಾರ್ಕ್ ಬೊಸ್ಮಾನ್ ಹೂಡಿದ ವ್ಯಾಜ್ಯದಲ್ಲಿ ಯೂರೋಪಿನ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು: ಯೂರೋಪಿನ ಒಕ್ಕೂಟದ ಆಟಗಾರನು ಕರಾರು ಮುಗಿದ ಮೇಲೆ ಒಕ್ಕೂಟದ ಇನ್ನೊಂದು ನಾಡಿನ ಕ್ಲಬ್ಬಿಗೆ ಹೋದರೆ ಹಳೆಯವರು ಹಣ ಕೇಳುವಂತಿಲ್ಲ. ಪ್ಯಾರಿಸ್ಸಿನ ಶ್ರೀಮಂತ ಕ್ಲಬ್ಬು ಕಿಲಿಯನ್ ಎಂಬಾಪೆಗಾಗಿ ಒಪ್ಪಿಕೊಂಡ ಮೊತ್ತ 18 ಕೋಟಿ ಯೂರೋಗಳವರೆಗೆ ಏರಿತ್ತು. 2024ರಲ್ಲಿ, ಕೇವಲ 25ರ ಏರುಯೌವನದಲ್ಲಿ, ಕರಾರು ತೀರಿಸಿ ಆತ ಮ್ಯಾಡ್ರಿಡ್‌ಗೆ ನಡೆದುಬಿಟ್ಟ. ಪ್ಯಾರಿಸ್ಸಿನವರಿಗೆ ವರ್ಗಾವಣೆ ಶುಲ್ಕವಾಗಿ ಒಂದು ಕಾಸೂ ದಕ್ಕಲಿಲ್ಲ.

ಇನ್ನು ರೊನಾಲ್ಡೊ. 2022ರ ಕೊನೆಯಲ್ಲಿ ಮ್ಯಾಂಚೆಸ್ಟರಿನೊಡನೆ ಕರಾರು ಮುರಿದುಬಿದ್ದು, ಯಾವ ಶುಲ್ಕವೂ ಇಲ್ಲದೆ ಸೌದಿ ಅರೇಬಿಯದ ಅಲ್ ನಸ್ರ್ ಕ್ಲಬ್ಬನ್ನು ಸೇರಿದ. ಮಾರುವ ಬೆಲೆ ಸೊನ್ನೆಗಿಳಿದ ಆ ಆಟಗಾರ 2023–24ರ ಅಲ್ಲಿಯ ಲೀಗಿನಲ್ಲಿ ಹೊಡೆದ ಗೋಲುಗಳು 35.