ದಾಂಡೇಲಿಯ ಗವಿ, ಕಾಳಿಯ ಹೊಳೆ: ನಂಬಿಕೆ ಎಷ್ಟು, ನಿಜ ಎಷ್ಟು?

ಮಧ್ಯ ಅಮೆರಿಕದ ಬೆಲೀಜ್ ಪುಟ್ಟ ದೇಶ. ಕೆರಿಬಿಯನ್ ಸಮುದ್ರದಲ್ಲಿ ಸುತ್ತುವ ವಿಹಾರ ಹಡಗುಗಳು ಅಲ್ಲಿ ಒಂದು ಹಗಲು ಲಂಗರು ಹಾಕುತ್ತವೆ. ದಂಡೆಯ ಬಳಿ ಸಮುದ್ರ ಆಳವಿಲ್ಲದ ಕಾರಣ ಹಡಗು ದೂರದಲ್ಲೇ ನಿಲ್ಲುತ್ತದೆ, ಪ್ರಯಾಣಿಕರು ಸಣ್ಣ ದೋಣಿ ಹತ್ತಿ ದಡ ಸೇರುತ್ತಾರೆ. ಅಲ್ಲಿಂದ ಬಸ್ಸು, ಆಮೇಲೆ ಕಾಡಿನ ದಾರಿಯಲ್ಲಿ ನಡಿಗೆ. ಕೊನೆಗೆ ತಲೆಗೆ ದೀಪ ಕಟ್ಟಿದ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್, ಕೂರಲು ಗಾಳಿ ತುಂಬಿದ ಟ್ಯೂಬ್. ಕೇವ್ಸ್ ಬ್ರಾಂಚ್ ಎಂಬ ಹೊಳೆ ಅವರನ್ನು ಸುಣ್ಣಕಲ್ಲಿನ ಗವಿಗಳೊಳಗೆ ಮೆಲ್ಲಗೆ ತೇಲಿಸಿಕೊಂಡು ಹೋಗುತ್ತದೆ. ಪ್ರಾಚೀನ ಮಾಯಾ ಜನರ ಪಾಲಿಗೆ ಆ ಗವಿಗಳು ಪಾತಾಳದ ಬಾಗಿಲು. ಇಂದಿನ ಪ್ರವಾಸಿಗೆ ಅದು ಅರ್ಧ ದಿನದ ಮಜಾ, ಮೊಬೈಲಿನಲ್ಲಿ ಅರ್ಧ ನಿಮಿಷದ ರೀಲ್ಸ್.

ಆ ರೀಲ್ಸ್ ಬೆಂಗಳೂರಿಗೂ ಬರುತ್ತದೆ, ಹುಬ್ಬಳ್ಳಿಗೂ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿ ಕಾಳಿ ಹೊಳೆ ಇದೆ, ಗವಿ ಇದೆ, ಬಾಡಿಗೆಗೆ ಟ್ಯೂಬೂ ಸಿಗುತ್ತದೆ. ಹಾಗಿದ್ದಮೇಲೆ ಬೆಲೀಜಿಗೇಕೆ ಹೋಗಬೇಕು ಎಂಬ ಲೆಕ್ಕಾಚಾರ ಹುಟ್ಟುವುದು ಸಹಜ. ಲೆಕ್ಕ ತಪ್ಪುವುದೂ ಅಲ್ಲಿಯೇ. ಕಾಳಿ ಕಣಿವೆಯ ಬಗ್ಗೆ ವಾರಾಂತ್ಯದ ಪ್ರವಾಸಿಗರು ನಂಬಿಕೊಂಡು ಬರುವ ಸಂಗತಿಗಳಲ್ಲಿ ಕೆಲವು ನಗು ತರಿಸುವಂಥವು, ಕೆಲವು ಪ್ರಾಣಕ್ಕೇ ಎರವಾಗುವಂಥವು.

“ಕವಳಾ ಗವಿಯೊಳಗೆ ಟ್ಯೂಬಿನಲ್ಲಿ ತೇಲಬಹುದು”

ಆಗುವುದಿಲ್ಲ. ಗವಿಯಲ್ಲಿ ತೇಲಬೇಕಾದರೆ ಗವಿಯೊಳಗೆ ಹೊಳೆ ಹರಿಯಬೇಕು. ದಾಂಡೇಲಿಯಿಂದ ಸುಮಾರು 25 ಕಿ.ಮೀ. ದೂರದ ಕವಳಾ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡಿನ ನಡುವೆ, ಗುಡ್ಡದ ಮೈಯಲ್ಲಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಜೀಪಿನಲ್ಲಿ ಹೋಗಿ, ಸುಮಾರು 375 ಮೆಟ್ಟಿಲು ದಾಟಿ, ಆಮೇಲೆ ಬಗ್ಗಿ ನುಸುಳಿ ಒಳಗೆ ಹೋಗಬೇಕು. ಅಲ್ಲಿ ಸಿಗುವ ನೀರೆಂದರೆ ಮೇಲಿಂದ ಜಿನುಗುವ ಹನಿ. ಶಿವರಾತ್ರಿಗೆ ಸುತ್ತಲಿನ ಊರುಗಳ ಭಕ್ತರು ಬರುವುದು ಆ ಹನಿ ಕಟ್ಟಿದ ಲಿಂಗದ ದರ್ಶನಕ್ಕೆ.

ಜೊಯಿಡಾ ತಾಲ್ಲೂಕಿನ ಉಳವಿಯ ಗವಿಗಳದೂ ಇದೇ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರ ಜೊತೆ ಚನ್ನಬಸವಣ್ಣನವರು ಬಂದು ನೆಲೆಸಿ ಐಕ್ಯರಾದ ಕ್ಷೇತ್ರ ಅದು. ಅಕ್ಕನಾಗಮ್ಮನ ಗವಿ, ಮಹಾಮನೆ ಗವಿಗಳನ್ನು ನೋಡಲು ಧಾರವಾಡ, ಬೆಳಗಾವಿ ಸೀಮೆಯ ರೈತರು ಜಾತ್ರೆಯ ಹೊತ್ತಿಗೆ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಅವರು ಟ್ಯೂಬು ಕೇಳಿದವರಲ್ಲ.

ನೆಲದಡಿಯ ನೀರು ಕೊರೆದ ಗವಿಯನ್ನೇ ನೋಡಬೇಕೆಂಬ ಆಸೆಯಿದ್ದರೆ ಬಳ್ಳಾರಿ ದಾಟಿ ಆಂಧ್ರದ ಬೇಲಂಗೆ ಹೋಗಬಹುದು. 3,229 ಮೀಟರ್ ಉದ್ದದ ಗವಿ, ನಡೆದೇ ನೋಡಬಹುದು. ಹೊಳೆ ಇಂದಿಗೂ ಹರಿಯುವ ದೊಡ್ಡ ಸುಣ್ಣಕಲ್ಲಿನ ಗವಿಗಳು ನಮ್ಮ ದೇಶದಲ್ಲಿ ಇರುವುದು ಮೇಘಾಲಯದಲ್ಲಿ.

“ಕವಳಾ ಜ್ವಾಲಾಮುಖಿಯಿಂದ ಆದ ಗವಿ”

ಪ್ರವಾಸಿ ಬರಹಗಳಲ್ಲಿ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತ ಬಂದ ಮಾತಿದು. ದಖನ್ನಿನ ಲಾವಾ ಹಾಸು ಬೆಳಗಾವಿಯ ಕಡೆ ಇರುವುದು ನಿಜ. ಆದರೆ ಕವಳಾದ ಲಿಂಗವೇ ಈ ಮಾತಿಗೆ ಎದುರುಸಾಕ್ಷಿ ಹೇಳುತ್ತದೆ. ಮಳೆನೀರು ಗಾಳಿಯಿಂದಲೂ ಕಾಡಿನ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿಯುವಾಗ ಕಲ್ಲನ್ನು ಚೂರುಚೂರೇ ಕರಗಿಸುತ್ತದೆ. ಗವಿಯ ಚಾವಣಿಗೆ ಬಂದು ಹನಿಯಾಗಿ ನೇತಾಡುವಾಗ ಅನಿಲ ಹಾರಿಹೋಗಿ ಸುಣ್ಣ ಉಳಿಯುತ್ತದೆ. ಚಾವಣಿಯಲ್ಲಿ ಉಳಿದದ್ದು ಕೆಳಮುಖವಾಗಿ ಬೆಳೆಯುತ್ತದೆ, ಹನಿ ಬಿದ್ದಲ್ಲಿ ಉಳಿದದ್ದು ಮೇಲ್ಮುಖವಾಗಿ ಏಳುತ್ತದೆ. ಇದಕ್ಕೆ ಬೇಕಾದದ್ದು ಬೆಂಕಿಯಲ್ಲ, ಸುಣ್ಣ, ನೀರು ಮತ್ತು ವೇಳೆ. ಇದೇ ಜಿಲ್ಲೆಯ ಕುಮಟಾ ತಾಲ್ಲೂಕಿನ ಯಾಣದ ಕಪ್ಪು ಶಿಖರಗಳೂ ಸುಣ್ಣಕಲ್ಲಿನವೇ.

ಇಂಥ ಲಿಂಗ ವರ್ಷಕ್ಕೆ ಬೆಳೆಯುವುದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು. ಕೈಯ ಜಿಡ್ಡು ತಾಗಿದ ಜಾಗಕ್ಕೆ ಸುಣ್ಣ ಸರಿಯಾಗಿ ಅಂಟುವುದಿಲ್ಲ. ಉದ್ಭವಲಿಂಗ ಎಂದು ಕೈಮುಗಿಯುವವರ ನಂಬಿಕೆಗೂ ಈ ವಿವರಣೆಗೂ ಜಗಳವೇನಿಲ್ಲ, ಯಾರೂ ಕಡೆಯದೆ ತಾನಾಗಿ ಮೂಡಿದ್ದೆಂದೇ ಇಬ್ಬರೂ ಹೇಳುವುದು. ಜಗಳ ಇರುವುದು ಮುಟ್ಟಿ, ಸವರಿ, ಅದರ ಮೇಲೆ ಹೆಸರು ಗೀಚುವವರ ಜೊತೆ.

“ಮಳೆಗಾಲದಲ್ಲಿ ಬಂದರೆ ರ‍್ಯಾಫ್ಟಿಂಗ್ ಭರ್ಜರಿ”

ಇದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ, ಕೇಳಲು ಸರಿ ಅನ್ನಿಸುವುದರಿಂದ ಬೇಗ ಹೋಗುವಂಥದ್ದೂ ಅಲ್ಲ. ಮಳೆ ಬಂದರೆ ಹೊಳೆ ತುಂಬಬೇಕು ತಾನೇ?

ಕಾಳಿ ಹುಟ್ಟುವುದು ಜೊಯಿಡಾ ತಾಲ್ಲೂಕಿನ ಡಿಗ್ಗಿ ಬಳಿ. ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುವವರೆಗೂ ಅದು ಉತ್ತರ ಕನ್ನಡ ಜಿಲ್ಲೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಆದರೆ ಅದರ ಹರಿವನ್ನು ಈಗ ತೀರ್ಮಾನಿಸುವುದು ಮುಗಿಲಲ್ಲ, ಕರ್ನಾಟಕ ವಿದ್ಯುತ್ ನಿಗಮ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಹಿಂದೆ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿಹೋಯಿತು, ಮನೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದ ಪುನರ್ವಸತಿಗೆ ಹೋದರು. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಟರ್ಬೈನುಗಳಿವೆ. ಅವು ತಿರುಗಿದಾಗ ಹೊರಬರುವ ನೀರೇ ಗಣೇಶಗುಡಿಯಿಂದ ಕೆಳಗಿನ ರ‍್ಯಾಫ್ಟಿಂಗ್ ಹೊಳೆ.

ಮಳೆಗಾಲದಲ್ಲಿ ಸೂಪಾಕ್ಕೆ ಕೊಡುವ ಕೆಲಸ ನೀರು ಕೂಡಿಡುವುದು. ಕೆಳಗಿನ ಕೊಡಸಳ್ಳಿ, ಕದ್ರಾ ಜಲಾಶಯಗಳಿಗೆ ಆಗ ತಮ್ಮ ಸುತ್ತಲಿನ ಮಳೆಯ ನೀರೇ ಬೇಕಾದಷ್ಟು ಬರುತ್ತದೆ, ಸೂಪಾದ ನೀರಿಗೆ ಅವಸರವಿಲ್ಲ. ಬೇಸಿಗೆಯಲ್ಲಿ ಫ್ಯಾನು, ಎ.ಸಿ., ಪಂಪ್‌ಸೆಟ್ಟುಗಳ ಬೇಡಿಕೆ ಏರಿದಾಗ ಟರ್ಬೈನು ಜೋರಾಗಿ ತಿರುಗುತ್ತದೆ. ಆ ನೀರು ದಾಂಡೇಲಿ ದಾಟಿ ಬೊಮ್ಮನಹಳ್ಳಿ ಜಲಾಶಯ ಸೇರಿ, ಸುರಂಗದ ಮೂಲಕ ನಾಗಝರಿಯ ದೊಡ್ಡ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯವಾಗಿ ರ‍್ಯಾಫ್ಟಿಂಗ್ ಬಂದ್. ಸುಡು ಏಪ್ರಿಲ್‌ನಲ್ಲಿ, ರಾಜ್ಯದ ಅರ್ಧ ಹೊಳೆಗಳು ಮರಳು ತೋರಿಸುವಾಗ, ಗಣೇಶಗುಡಿಯಲ್ಲಿ ನೊರೆ ಏಳುತ್ತದೆ. ಬೆಂಗಳೂರಿನ ಎ.ಸಿ.ಯೇ ಇಲ್ಲಿ ತೆಪ್ಪ ತೇಲಿಸುತ್ತದೆ ಎಂದರೆ ಉತ್ಪ್ರೇಕ್ಷೆ ಸ್ವಲ್ಪ ಮಾತ್ರ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗ ಮಧ್ಯಾಹ್ನ ಎದೆಮಟ್ಟ ಆಗಬಹುದು, ಆಕಾಶದಲ್ಲಿ ಒಂದು ಮೋಡವಿಲ್ಲದೆಯೂ. ಟರ್ಬೈನು ಶುರುವಾದರೆ ಹೊಳೆಯ ನಡುಬಂಡೆಯ ಮೇಲೆ ಸೆಲ್ಫಿಗೆ ನಿಂತವರಿಗೆ ದಡ ದೂರವಾಗುತ್ತದೆ. ಜಲಾಶಯ ತುಂಬಿ ಗೇಟು ತೆರೆಯುವ ಅಪರೂಪದ ದಿನಗಳ ಮಾತಂತೂ ಬೇರೆಯೇ. ಆಗ ದಂಡೆಯ ಊರಿನವರಿಗೇ ಎಚ್ಚರಿಕೆ ಹೋಗುತ್ತದೆ.

ಹೆಸರಿನ ವಿಷಯ ಇಲ್ಲೇ ಹೇಳಿಬಿಡಬೇಕು. “ದಾಂಡೇಲಿ ರ‍್ಯಾಫ್ಟಿಂಗ್” ದಾಂಡೇಲಿಯಲ್ಲಿ ನಡೆಯುವುದಲ್ಲ, ಸುಮಾರು 25 ಕಿ.ಮೀ. ಆಚೆ, ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ. ಅಲ್ಲಿ ಜಂಗಲ್ ಲಾಡ್ಜಸ್ ನಡೆಸುವ ತಂಗುದಾಣದ ಹೆಸರು ಓಲ್ಡ್ ಮ್ಯಾಗಜಿನ್ ಹೌಸ್. ಓದುವ ಮ್ಯಾಗಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ; ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಕಟ್ಟಡ. ಇನ್ನು ಹಳಿಯಾಳ, ಮುಂಡಗೋಡದ ಕಡೆ ಹೋದರೆ ನೆಲ ಬಯಲಾಗುತ್ತದೆ, ಗದ್ದೆ, ಕೆರೆ ಶುರುವಾಗುತ್ತವೆ. ಮುಂಡಗೋಡದ ಅತ್ತಿವೇರಿ ಜಲಾಶಯ ಪಕ್ಷಿಧಾಮ, ಅಲ್ಲಿ ನೋಡಬೇಕಾದದ್ದು ಹಕ್ಕಿ. “ದಾಂಡೇಲಿ ಹತ್ತಿರ” ಎಂದು ಜಾಹೀರಾತು ಹಾಕುವವರು ಈ ನಾಲ್ಕೂ ಊರುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಬುಕ್ ಮಾಡುವವರು ನಕ್ಷೆ ನೋಡಬೇಕು.

“ರ‍್ಯಾಫ್ಟೂ ಟ್ಯೂಬೂ ಒಂದೇ, ಎರಡೂ ತೇಲುತ್ತವೆ”

ತೇಲುವುದರಲ್ಲಿ ಒಂದೇ, ತಿರುಗಿಸುವುದರಲ್ಲಿ ಅಲ್ಲ. ರ‍್ಯಾಫ್ಟಿನ ಗಾಳಿ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತದೆ, ಒಂದು ಹರಿದರೂ ಉಳಿದವು ಹೊರುತ್ತವೆ. ಹಿಂದೆ ಕುಳಿತ ಗೈಡ್ ಹುಟ್ಟು ಹಾಕಿ ದಿಕ್ಕು ಕೊಡುತ್ತಾನೆ. ಟ್ಯೂಬಿಗೆ ಒಂದೇ ಕೋಣೆ, ಚುಕ್ಕಾಣಿ ಇಲ್ಲ. ಹೊಳೆ ತೋರಿದ ಕಡೆಗೇ ಪಯಣ. ಅದರಲ್ಲೂ ಹಳೆಯ ಲಾರಿ ಟ್ಯೂಬು ಕೊಟ್ಟರೆ ಒಳಬದಿಗೆ ಚಾಚಿದ ಹಿತ್ತಾಳೆಯ ವಾಲ್ವ್ ನೋಡಿಕೊಳ್ಳಬೇಕು, ಟ್ಯೂಬು ಮಗುಚಿದರೆ ಮೈ ಸೀಳುವುದು ಅದೇ.

ಹೊಳೆಯ ರಭಸವನ್ನು ಜಗತ್ತಿನಾದ್ಯಂತ 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. 1 ಎಂದರೆ ಸಣ್ಣ ಅಲೆ, 6 ಎಂದರೆ ಪ್ರಾಣದ ಪಣ. ಗಣೇಶಗುಡಿಯಿಂದ ಕೆಳಗೆ ಸಾಮಾನ್ಯವಾಗಿ ಸಿಗುವುದು 2 ಮತ್ತು 3. ಬೆಲೀಜಿನ ಗವಿಹೊಳೆ ಹೆಚ್ಚಿನ ದಿನ 1ರ ಆಸುಪಾಸು, ಟ್ಯೂಬು ಅಲ್ಲಿಗೆ ಹೊಂದುತ್ತದೆ. ನೀರು ಏರಿದ ದಿನ ಅಲ್ಲಿಯೂ ಪ್ರವಾಸ ರದ್ದು. ಗವಿಯಲ್ಲಿ ನೀರು ಏರಿದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ಜಗತ್ತೇ ನೋಡಿತು. ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಗೆ ಜೂನ್ 23ರಂದು ಹೋದ 12 ಹುಡುಗರೂ ಅವರ ಕೋಚೂ ಮಳೆನೀರು ನುಗ್ಗಿ ಒಳಗೇ ಸಿಕ್ಕಿಬಿದ್ದರು. ಕೊನೆಯವರು ಹೊರಬಂದದ್ದು ಜುಲೈ 10ಕ್ಕೆ. ಅವರನ್ನು ಉಳಿಸುವ ಕಾರ್ಯಾಚರಣೆಯಲ್ಲಿ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರರೊಬ್ಬರು ಪ್ರಾಣ ಕೊಟ್ಟರು.

“ಈಜು ಬಂದರೆ ಸಾಕು”

ಬಾವಿಯಲ್ಲಿ, ಕೆರೆಯಲ್ಲಿ ಈಜಿದವರಿಗೆ ಈ ಧೈರ್ಯ ಹೆಚ್ಚು. ನೊರೆ ಏಳುವ ನೀರಿನಲ್ಲಿ ಗಾಳಿ ಬೆರೆತಿರುತ್ತದೆ, ಅದು ಮೈಯನ್ನು ಎತ್ತಿ ಹಿಡಿಯುವುದು ಕಡಿಮೆ. ಗಣೇಶಗುಡಿಯ ಹೊಳೆ ದಾರಿಯಲ್ಲಿ ಬಂಡೆ, ಗಿಡ ಬೆಳೆದ ನಡುಗಡ್ಡೆ, ಬಿದ್ದ ಮರಗಳಿವೆ. ನೀರು ಕೊಂಬೆಗಳ ಸಂದಿಯಲ್ಲಿ ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಅದಕ್ಕೇ ಬಿದ್ದವರಿಗೆ ಗೈಡುಗಳು ಹೇಳುವುದು ಒಂದೇ ಪಾಠ: ಅಂಗಾತ ತೇಲಿ, ಕಾಲು ಹೊಳೆ ಹೋಗುವ ದಿಕ್ಕಿಗೆ, ಪಾದ ನೀರಿನ ಮೇಲೆ. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಎರಡು ಕಲ್ಲಿನ ನಡುವೆ ಪಾದ ಸಿಕ್ಕಿದರೆ ಸೊಂಟಮಟ್ಟದ ನೀರೇ ಮುಖ ಒತ್ತಿ ಮುಳುಗಿಸುತ್ತದೆ, ಎಂಥ ಈಜುಗಾರನಾದರೂ ಸರಿ.

ಲೈಫ್ ಜಾಕೆಟ್ ಹಾಕಿದ್ದೇನೆ ಎಂಬ ಸಮಾಧಾನವೂ ಅರ್ಧ. ಎಲ್ಲ ಬಕಲ್ ಬಿಗಿದ ಮೇಲೆ ಪಕ್ಕದವರಿಗೆ ಹೇಳಿ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ ನೋಡಬೇಕು. ಜಾಕೆಟ್ ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ, ನೀರಿನಲ್ಲಿ ತಲೆಯ ಮೇಲಿಂದಲೇ ಕಳಚಿ ಹೋಗುತ್ತದೆ. ಫೋಟೋ ಚೆನ್ನಾಗಿ ಬರಲಿ ಎಂದು ಬಕಲ್ ಬಿಚ್ಚುವವರೂ, ಬಿಯರ್ ಕುಡಿದು ಇಳಿಯುವವರೂ ಇದ್ದಾರೆ. ಅವರಿಗೆ ಗೈಡ್ ‘ಇಲ್ಲ’ ಎಂದರೆ ಜಗಳ ಆಡುವುದೂ ಉಂಟು. ಗೈಡ್ ಹೇಳುವುದೇ ಸರಿ.

“ಶಾಂತ ನೀರು ಸುರಕ್ಷಿತ”

ರಭಸದ ನೀರಿಗೆ ಹೆದರಿದವರು ಮಡು ಹುಡುಕುತ್ತಾರೆ. ಮೊಸಳೆಗೂ ಅದೇ ಇಷ್ಟ. ದಾಂಡೇಲಿ ಪಟ್ಟಣದ ಅಂಚಿನ ಕಾಳಿಯಲ್ಲಿ ನಮ್ಮ ಸಿಹಿನೀರಿನ ಮೊಸಳೆಗಳು ಸಾಕಷ್ಟಿವೆ, ದಡದ ಬಂಡೆಯ ಮೇಲೆ ಬಿಸಿಲು ಕಾಯುವುದು ನೋಡಸಿಗುತ್ತದೆ. ನಿಧಾನವಾಗಿ ಹರಿಯುವ ಆಳದ ನೀರು, ಮೀನು, ಮಲಗಲು ದಂಡೆ, ಇಷ್ಟಿದ್ದರೆ ಅವಕ್ಕೆ ಸಾಕು. 2021ರ ಅಕ್ಟೋಬರ್‌ನಲ್ಲಿ ದಾಂಡೇಲಿಯ ಹೊಳೆದಂಡೆಯಲ್ಲಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಹಾಗೆಂದು ಇಡೀ ಕಾಳಿ ಮೊಸಳೆಮಯ ಎಂದು ಹೆದರಿಸುವುದೂ ತಪ್ಪು. ಪರವಾನಗಿ ಇರುವ ಜಲಕ್ರೀಡೆಯ ಜಾಗ ಬೇರೆ, ಯಾರದೋ ಮಾತು ಕೇಳಿ ಸಂಜೆ ಇಳಿಯುವ ಒಂಟಿ ಮಡು ಬೇರೆ. ಎಲ್ಲಿ ಇಳಿಯಬಾರದು ಎಂಬುದನ್ನು ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿದರೆ ರೆಸಾರ್ಟಿನ ಫಲಕಕ್ಕಿಂತ ಚೆನ್ನಾಗಿ ಹೇಳುತ್ತಾರೆ.

“ಗವಿ ಖಾಲಿ ಜಾಗ, ಹೊಕ್ಕರೆ ಯಾರಿಗೇನು ನಷ್ಟ?”

ಕರ್ನಾಟಕದಲ್ಲಿ ಗವಿ ಕಂಡಲ್ಲೆಲ್ಲ “ಇದು ಕಾಶಿಗೆ ಹೋಗುತ್ತದೆ” ಎಂಬ ಕಥೆ ಇದ್ದೇ ಇರುತ್ತದೆ. ಕಾಶಿ ಸಿಗದಿದ್ದರೂ ಬಾವಲಿ ಸಿಗುತ್ತದೆ. ಖಾನಾಪುರ ತಾಲ್ಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗವಿಗಳಲ್ಲಿ ರಾಟನ್ನನ ಬಾವಲಿ ಎಂಬ ಅಪರೂಪದ ಜಾತಿ ವಾಸವಿದೆ. ನೂರು ವರ್ಷಗಳ ಹಿಂದೆ ವಿಜ್ಞಾನ ಲೋಕಕ್ಕೆ ಅದು ಮೊದಲು ಗೊತ್ತಾದದ್ದೇ ಅಲ್ಲಿ. ಜಗತ್ತಿನಲ್ಲಿ ಅದಕ್ಕಿರುವುದು ಆ ಒಂದೇ ನೆಲೆ ಎಂದು ಬಹುಕಾಲ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಆ ಗವಿಗಳನ್ನು ಸೇರಿಸಿಕೊಂಡ ಭೀಮಗಡ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು.

ಹಗಲು ಮಲಗಿದ ಬಾವಲಿಗಳ ಮೇಲೆ ಟಾರ್ಚು ಬಿಟ್ಟು, ಕೂಗಿ ಎಬ್ಬಿಸಿದರೆ ಅವು ಹಾರಿ ಶಕ್ತಿ ಕಳೆದುಕೊಳ್ಳುತ್ತವೆ, ಮರಿಗಳು ನೆಲಕ್ಕೆ ಬೀಳುತ್ತವೆ. ಆದ್ದರಿಂದ ಕವಳಾಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯೊಡನೆ ಹಗಲಲ್ಲೇ ಹೋಗಿ, ಮಾತು ತಗ್ಗಿಸಿ, ಫ್ಲ್ಯಾಶ್ ಆರಿಸಿ ಒಳಗೆ ಕಾಲಿಡಿ. ಗಣೇಶಗುಡಿಗೆ ಹೊರಡುವವರು ರೂಮಿನ ಬಾಡಿಗೆ ಕೇಳುವ ಮೊದಲು ಫೋನಿನಲ್ಲಿ ಇದನ್ನು ಕೇಳಿ: “ನಾಳೆ ಸೂಪಾದಿಂದ ನೀರು ಬಿಡುತ್ತಾರಾ?” ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡದವರ ಬಳಿ ಮುಂಗಡ ಕಟ್ಟಬೇಡಿ.