ಹಿಂದಿನ ಚಕ್ರದ ಸದ್ದು: ನಂಬಿಕೆ ಒಂದು, ನಿಜ ಇನ್ನೊಂದು

ಬ್ರೇಕ್ ಕಿರ್ರೆಂದರೆ ಲೈನರ್ ಮುಗಿದೇಹೋಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೇನೂ ಇಲ್ಲ. ನಮ್ಮಲ್ಲಿ ಓಡಾಡುವ ಹೆಚ್ಚಿನ ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಲೈನರ್ ಸವೆದ ಪುಡಿ ಡ್ರಮ್ಮಿನೊಳಗೇ ಉಳಿಯುತ್ತದೆ; ಬಿಚ್ಚಿ ಕ್ಲೀನ್ ಮಾಡಿದರೆ ಎಷ್ಟೋ ಸಲ ಸದ್ದು ನಿಲ್ಲುತ್ತದೆ. ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಮೊದಲ ಬ್ರೇಕಿಗೆ ಕರಕರ ಎನ್ನುವುದು ತೆಳು ತುಕ್ಕಿನಿಂದ. ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದು ಉಜ್ಜಿಹೋಗುತ್ತದೆ.

ಹೆಚ್ಚು ಅಪಾಯದ್ದು ಇದಕ್ಕೆ ಉಲ್ಟಾ ನಂಬಿಕೆ: ಸದ್ದಿಲ್ಲ ಎಂದರೆ ಬ್ರೇಕ್ ಚೆನ್ನಾಗಿದೆ. ಅನೇಕ ಡಿಸ್ಕ್ ಪ್ಯಾಡ್‌ಗಳಲ್ಲಿ, ಸವೆದಾಗ ಕಿರುಚಿ ಎಚ್ಚರಿಸುವ ಸಣ್ಣ ತಗಡು ಇರುತ್ತದೆ. ಹಿಂದಿನ ಡ್ರಮ್ ಲೈನರ್‌ಗಳಿಗೆ ಸಾಮಾನ್ಯವಾಗಿ ಅದಿಲ್ಲ. ಅವು ಸುಮ್ಮನೆ ಸವೆದು, ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಾಗಲೇ ಗರಗರ ಎನ್ನುತ್ತವೆ. ಅದು ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಗೊತ್ತಾಗಬಾರದು. ಸರ್ವೀಸಿಗೆ ಬಿಟ್ಟಾಗ ಡ್ರಮ್ ಬಿಚ್ಚಿಸಿ ನೋಡಿ.

ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್‌ಗುಟ್ಟಿ, ವೇಗದ ಜೊತೆ ಏರುವ ಸದ್ದಿಗೆ ಬ್ರೇಕನ್ನು ದೂರುವುದೂ ಉಂಟು. ಅಲ್ಲಿ ಮೊದಲ ಸಂಶಯ ವೀಲ್ ಬೇರಿಂಗ್ ಅಥವಾ ಟೈರಿನ ಮೇಲೆ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸ್ವರ ಬದಲಾದರೆ ಬಹುಶಃ ಟೈರು. ಎಡ ತಿರುವಿನಲ್ಲಿ ಭಾರ ಬಲಗಡೆಗೆ ವಾಲುತ್ತದೆ; ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ನೋಡಬೇಕು. ಗ್ಯಾರೇಜಿನಲ್ಲಿ ಕಾರು ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಕೈಯಲ್ಲಿ ಹಿಂದಿನ ಚಕ್ರ ತಿರುಗಿಸುತ್ತ ಇನ್ನೊಂದನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟರೆ, ಹಾಳಾದ ಬೇರಿಂಗಿನ ಒರಟು ನಡುಕ ಬೆರಳಿಗೇ ತಾಗುತ್ತದೆ. ಕಿವಿಗಿಂತ ನನಗೆ ಈ ಪರೀಕ್ಷೆಯ ಮೇಲೆ ನಂಬಿಕೆ ಜಾಸ್ತಿ.

ಕಿರ್ರೆನ್ನುವ ಬ್ರೇಕಿಗೆ ಬಾಗಿಲಿನ ತಿರುಗಣಿಗೆ ಬಿಟ್ಟಂತೆ ಎಣ್ಣೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ. ಅದನ್ನು ಬದಲಿಸಬೇಕು, ಅದೂ ಎರಡೂ ಕಡೆ. ಡ್ರಮ್ಮಿನೊಳಗೆ ತಾನಾಗಿಯೇ ಒದ್ದೆಯಿದ್ದರೆ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಆ ಕಾರನ್ನು ರಿಪೇರಿಯಾಗುವವರೆಗೆ ಓಡಿಸಬಾರದು.

ಮೆಕ್ಯಾನಿಕ್ಕಿಗೆ 'ಹಿಂದೆ ಸದ್ದು' ಎಂದಷ್ಟೇ ಹೇಳಿದರೆ ಸಾಲದು. ಬ್ರೇಕ್ ಒತ್ತಿದಾಗಲೋ, ತಿರುವಿನಲ್ಲೋ, ಹಂಪ್ ದಾಟುವಾಗಲೋ, ಯಾವ ವೇಗದಲ್ಲೋ ಹೇಳಿ. ಹಂಪಿನಲ್ಲಿ ಮಾತ್ರ ಬರುವುದಾದರೆ ಮೊದಲು ಡಿಕ್ಕಿ ಖಾಲಿ ಮಾಡಿ, ಜಾಕಿ ಮತ್ತು ಸ್ಟೆಪ್ನಿ ಸಡಿಲವಾಗಿವೆಯೇ ನೋಡಿ.